ಪಕ್ಕದ ಸೀಟಿನವರು

ಕಾರಿನ ಒಳಗೆ, ಚಾಲಕನ ತಲೆಯ ಹತ್ತಿರ ತೂಗುವ ಪುಟ್ಟ ಕನ್ನಡಿಯನ್ನು ನಾವೆಲ್ಲ ನೋಡಿದ್ದೇವೆ. ಹಿಂದಿನಿಂದ ಯಾರು ಬರುತ್ತಿದ್ದಾರೆಂದು ತಿಳಿಯಲು ಚಾಲಕ ಆಗಾಗ ಅದರತ್ತ ಕಣ್ಣು ಹಾಯಿಸುತ್ತಾನೆ. ಈ ಕನ್ನಡಿಯ ಬಗ್ಗೆ ಅಮೆರಿಕದಲ್ಲಿ ಒಂದು ಕಥೆ ಪ್ರಚಲಿತವಾಗಿದೆ.

1911ರ ಮೇ 30. ಇಂಡಿಯಾನಾಪೊಲಿಸ್ ನಗರದಲ್ಲಿ 500 ಮೈಲಿಗಳ, ಅಂದರೆ ಸುಮಾರು 800 ಕಿಲೋಮೀಟರುಗಳ ಮೊದಲ ಕಾರ್ ರೇಸ್. ಹೊರಟು ನಿಂತದ್ದು 40 ಕಾರುಗಳು. ಅವುಗಳಲ್ಲಿ 39ರಲ್ಲಿ ಇಬ್ಬಿಬ್ಬರು ಕುಳಿತಿದ್ದರು. ಒಬ್ಬ ಚಾಲಕ, ಇನ್ನೊಬ್ಬ ಮೆಕ್ಯಾನಿಕ್. ರೇ ಹ್ಯಾರೌನ್ ಎಂಬವನ ಹಳದಿ ಬಣ್ಣದ ‘ಮಾರ್ಮನ್ ವಾಸ್ಪ್’ ಕಾರಿನಲ್ಲಿ ಮಾತ್ರ ಒಂದೇ ಸೀಟು. ಉಳಿದವರು ತಕರಾರೆತ್ತಿದರು. ಪಕ್ಕದಲ್ಲಿ ಮೆಕ್ಯಾನಿಕ್ ಇಲ್ಲದಿದ್ದರೆ ಹಿಂದೆ ಬರುವವರನ್ನು ಇವನಿಗೆ ಹೇಳುವವರು ಯಾರು, ಇದು ಎಲ್ಲರ ಜೀವಕ್ಕೂ ಅಪಾಯ ಎಂದರು. ಹ್ಯಾರೌನ್ ತನ್ನ ಮುಂದೆ ಒಂದು ಕನ್ನಡಿಯನ್ನು ಕಟ್ಟಿಕೊಂಡು ಬಂದ. 6 ಗಂಟೆ 42 ನಿಮಿಷಗಳಲ್ಲಿ ರೇಸ್ ಗೆದ್ದ. ಕಾರಿಗೆ ಕನ್ನಡಿ ಬಂದದ್ದು ಹೀಗೆ ಎಂದು ಕಥೆ ಮುಗಿಯುತ್ತದೆ.

ಈ ಕಥೆಯಲ್ಲಿ ಎರಡು ಸಣ್ಣ ತಿದ್ದುಪಡಿಗಳಿವೆ. ಇಟ್ಟಿಗೆ ಹಾಸಿದ ಆ ಹಾದಿಯಲ್ಲಿ ಕನ್ನಡಿ ಎಷ್ಟು ಅದುರುತ್ತಿತ್ತೆಂದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲವೆಂದು ಹ್ಯಾರೌನನೇ ಮುಂದೆ ಒಪ್ಪಿಕೊಂಡ. ಅಲ್ಲದೆ ಅವನು ಪೂರ್ತಿ ಒಬ್ಬನೇ ಓಡಿಸಿದ್ದೂ ಅಲ್ಲ. ನಡುವೆ ಅವನು ದಣಿದಾಗ ಸೈರಸ್ ಪ್ಯಾಚ್ಕಿ ಎಂಬವನು ಮೂವತ್ತಕ್ಕೂ ಹೆಚ್ಚು ಸುತ್ತು ಅದೇ ಕಾರನ್ನು ಓಡಿಸಿ ಮತ್ತೆ ಅವನ ಕೈಗೆ ಕೊಟ್ಟ. ಗೆದ್ದವರ ಪಟ್ಟಿಯಲ್ಲಿ ಹ್ಯಾರೌನನ ಹೆಸರೊಂದೇ ಇದೆ.

ಕಥೆ ಬರೆಯುವ ನನ್ನಂಥವರಿಗೆ ಕನ್ನಡಿಗಿಂತ ಆ 39 ಕಾರುಗಳ ಪಕ್ಕದ ಸೀಟು ಹೆಚ್ಚು ಕಾಡುತ್ತದೆ. ಅಲ್ಲಿ ಕುಳಿತವರು ಯಾರು? ಅವರೇನು ಮಾಡುತ್ತಿದ್ದರು? ಅಲ್ಲಿ ಕುಳಿತುಕೊಳ್ಳಲೂ ಅನುಮತಿ ಸಿಗದವರು ಯಾರು? ಈ ಪ್ರಶ್ನೆಗಳನ್ನು ಹಿಡಿದುಕೊಂಡು ಹೋದರೆ ಅಮೆರಿಕದ ರೇಸಿನ ಮೊದಲ ದಿನಗಳ ಚರಿತ್ರೆ ಬೇರೆಯದೇ ರೀತಿ ಕಾಣಿಸುತ್ತದೆ.

ಹಿಮದಲ್ಲಿ ಹತ್ತು ಗಂಟೆ

ಹ್ಯಾರೌನ್ ಗೆಲ್ಲುವುದಕ್ಕೆ 16 ವರ್ಷ ಮೊದಲು, 1895ರಲ್ಲಿ, ಅಮೆರಿಕದ ಜನಸಾಮಾನ್ಯರು ಕಾರನ್ನು ಕಂಡೇ ಇರಲಿಲ್ಲ. ಅದನ್ನು ಏನೆಂದು ಕರೆಯಬೇಕೆಂಬುದೂ ಇತ್ಯರ್ಥವಾಗಿರಲಿಲ್ಲ. ಷಿಕಾಗೊ ನಗರದ ‘ಟೈಮ್ಸ್-ಹೆರಾಲ್ಡ್’ ಪತ್ರಿಕೆಯ ಮಾಲೀಕ ಕೋಲ್‌ಸಾಟ್ ಒಂದು ರೇಸ್ ಏರ್ಪಡಿಸಿದ. ಅದರ ಜೊತೆಗೆ, ಕುದುರೆಯಿಲ್ಲದ ಈ ಗಾಡಿಗೆ ಒಳ್ಳೆಯ ಹೆಸರು ಸೂಚಿಸಿ ಎಂದು ಓದುಗರಿಗೊಂದು ಸ್ಪರ್ಧೆಯನ್ನೂ ಇಟ್ಟ. ಗೆದ್ದ ಹೆಸರು ‘ಮೋಟೊಸೈಕಲ್’. ಬಹುಮಾನ ಬಂತು, ಹೆಸರು ಮಾತ್ರ ಉಳಿಯಲಿಲ್ಲ.

ರೇಸಿಗೆ ಹೆಸರು ಕೊಟ್ಟವರು ಬಹಳ ಮಂದಿ. ಆದರೆ ದಿನ ಹತ್ತಿರ ಬಂದಾಗ ಯಾರ ಗಾಡಿಯೂ ತಯಾರಿಲ್ಲ. ಜುಲೈಯಲ್ಲಿ ನಡೆಯಬೇಕಾದದ್ದು ನವೆಂಬರಿಗೆ ಹೋಯಿತು. ನವೆಂಬರ್ 2ರಂದು ಓಡಲು ಸಿದ್ಧವಾಗಿದ್ದದ್ದು ಎರಡೇ ಗಾಡಿಗಳು. ಅವುಗಳಲ್ಲಿ ಒಂದು, ರೈತನೊಬ್ಬನ ಗಾಡಿಗೆ ದಾರಿ ಬಿಡಲು ಹೋಗಿ ಚರಂಡಿಗೆ ಬಿತ್ತು. ಕೊನೆಗೆ ನವೆಂಬರ್ 28ರಂದು, ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬದ ದಿನ, ಹಿಮ ಕವಿದ ರಸ್ತೆಯ ಮೇಲೆ ಆರು ಗಾಡಿಗಳು ಹೊರಟವು. ಡ್ಯೂರಿಯಾ ಸೋದರರು ಅಮೆರಿಕದಲ್ಲೇ ತಯಾರಿಸಿದ ಒಂದು ಗಾಡಿ, ಮೂರು ಜರ್ಮನ್ ಬೆಂಜ್‌ಗಳು, ಬ್ಯಾಟರಿಯಿಂದ ಓಡುವ ಎರಡು. ಜಾಕ್ಸನ್ ಪಾರ್ಕಿನಿಂದ ಇವಾನ್‌ಸ್ಟನ್‌ಗೆ ಹೋಗಿ ವಾಪಸು ಬರಬೇಕು. ಒಟ್ಟು ದೂರ ಐವತ್ತು ಮೈಲಿಗಿಂತ ಸ್ವಲ್ಪ ಹೆಚ್ಚು.

ಬ್ಯಾಟರಿಯ ಗಾಡಿಗಳು ಚಳಿಗೆ ಸೋತವು. ಒಂದು ಬೆಂಜ್ ದಾರಿಯಲ್ಲಿ ಕುದುರೆ ಎಳೆಯುವ ಟ್ರಾಮಿಗೇ ಗುದ್ದಿತು. ಫ್ರಾಂಕ್ ಡ್ಯೂರಿಯಾ ಕತ್ತಲಾದ ಮೇಲೆ ಗುರಿ ಮುಟ್ಟಿದ. ದುರಸ್ತಿ, ನಿಲುಗಡೆ ಎಲ್ಲ ಸೇರಿ ಹತ್ತು ಗಂಟೆಗೂ ಹೆಚ್ಚು ಹಿಡಿದಿತ್ತು. ನಿಲುಗಡೆಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ ವೇಗ ಗಂಟೆಗೆ ಸುಮಾರು ಏಳು ಮೈಲಿ. ನಮ್ಮೂರಿನ ಹಾಲಿನವನ ಸೈಕಲ್ಲಿನ ವೇಗ! ಆದರೂ 2,000 ಡಾಲರ್ ಬಹುಮಾನ ಪಡೆದ.

ಎರಡನೆಯದಾಗಿ ಬಂದ ಮುಲ್ಲರ್ ಎಂಬವನ ಬೆಂಜ್‌ನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡಲು ಪ್ರತಿ ಗಾಡಿಯಲ್ಲೂ ಒಬ್ಬ ಅಂಪೈರ್ ಕುಳಿತಿದ್ದ. ಈ ಗಾಡಿಯ ಅಂಪೈರ್ ಚಾರ್ಲ್ಸ್ ಕಿಂಗ್ ಎಂಬ ಡೆಟ್ರಾಯಿಟ್‌ನ ತಂತ್ರಜ್ಞ. ಚಳಿ ಮತ್ತು ಆಯಾಸದಿಂದ ಚಾಲಕ ಮುಲ್ಲರ್ ಪ್ರಜ್ಞೆ ತಪ್ಪಿದ. ಕಿಂಗ್ ಒಂದು ಕೈಯಲ್ಲಿ ಅವನನ್ನು ಆತುಕೊಂಡು, ಇನ್ನೊಂದು ಕೈಯಲ್ಲಿ ಗಾಡಿ ಓಡಿಸುತ್ತ ಗುರಿ ಮುಟ್ಟಿಸಿದ. ಅಮೆರಿಕದ ರೇಸಿನಲ್ಲಿ ಪಕ್ಕದ ಸೀಟಿನವನ ಚರಿತ್ರೆ ಶುರುವಾಗುವುದು ಇಲ್ಲಿಂದಲೇ.

ಫೋರ್ಡ್‌ನ ಪಕ್ಕದಲ್ಲಿ ನೇತಾಡಿದವನು

ಅಂದಿನ ದಿನಗಳಲ್ಲಿ ಕಾರು ತಯಾರಿಸುವವನಿಗೆ ರೇಸ್ ಎಂದರೆ ಶೋಕಿಯಲ್ಲ, ಜಾಹೀರಾತು. ಗಾಡಿ ಓಡುತ್ತದೆಂದು ಜನರಿಗೆ, ಅದಕ್ಕಿಂತ ಮುಖ್ಯವಾಗಿ ಸಾಹುಕಾರರಿಗೆ, ಕಣ್ಣಾರೆ ತೋರಿಸಬೇಕಿತ್ತು. ಹೆನ್ರಿ ಫೋರ್ಡ್‌ಗೆ ಈ ಅಗತ್ಯ ಎಲ್ಲರಿಗಿಂತ ಹೆಚ್ಚಿತ್ತು. ಅವನ ಮೊದಲ ಕಂಪೆನಿ 1901ರ ಆರಂಭದಲ್ಲಿ ಮುಚ್ಚಿಹೋಗಿತ್ತು. ಅದೇ ವರ್ಷ ಅಕ್ಟೋಬರ್ 10ರಂದು ಡೆಟ್ರಾಯಿಟ್ ಹತ್ತಿರದ ಗ್ರಾಸ್ ಪಾಯಿಂಟ್ ಎಂಬಲ್ಲಿ, ಕುದುರೆ ಜೂಜಿನ ಮೈದಾನದಲ್ಲಿ, ಆ ಕಾಲದ ಹೆಸರಾಂತ ಕಾರು ತಯಾರಕ ಅಲೆಕ್ಸಾಂಡರ್ ವಿಂಟನ್‌ನ ಎದುರು ಫೋರ್ಡ್ ತಾನೇ ಕಟ್ಟಿದ ಕಾರನ್ನು ತಾನೇ ಓಡಿಸಿದ. ದೂರ ಹತ್ತು ಮೈಲಿ.

ಕುದುರೆಗಳಿಗಾಗಿ ಮಾಡಿದ ಮಣ್ಣಿನ ಹಾದಿ. ತಿರುವುಗಳಲ್ಲಿ ಫೋರ್ಡ್‌ನ ಹಗುರ ಕಾರು ಮಗುಚುವ ಭಯವಿತ್ತು. ಅದಕ್ಕೆ ಅವನ ಗೆಳೆಯ ‘ಸ್ಪೈಡರ್’ ಹಫ್ ಎಂಬವನು ಕಾರಿನ ಪಕ್ಕದ ಹಲಗೆಯ ಮೇಲೆ ನಿಂತು, ಪ್ರತಿ ತಿರುವಿನಲ್ಲೂ ಹೊರಕ್ಕೆ ವಾಲಿ, ತನ್ನ ಮೈಭಾರದಿಂದಲೇ ಕಾರನ್ನು ಸಮತೋಲದಲ್ಲಿ ಹಿಡಿದ. ವಿಂಟನ್‌ನ ಕಾರು ಹೆಚ್ಚು ಬಲಶಾಲಿಯಾಗಿತ್ತು. ಮೊದಲು ಮುಂದಿದ್ದವನೂ ಅವನೇ. ಆದರೆ ನಡುವೆ ಎಂಜಿನ್ ಬಿಸಿಯಾಗಿ ಹೊಗೆ ಕಾರತೊಡಗಿತು. ಫೋರ್ಡ್ ಗೆದ್ದ. ಅವನಿಗೆ ಹಣ ಹೂಡುವವರು ಮತ್ತೆ ಸಿಕ್ಕಿದರು. 1903ರಲ್ಲಿ ಫೋರ್ಡ್ ಮೋಟಾರ್ ಕಂಪೆನಿ ಸ್ಥಾಪನೆಯಾಯಿತು. ಆ ಕಂಪೆನಿಯ ಅಡಿಪಾಯದಲ್ಲಿ ಹಲಗೆಯ ಮೇಲೆ ನೇತಾಡಿದ ಹಫ್‌ನ ಬೆವರೂ ಇದೆ.

ಮತ್ತೆ ರೇಸಿನಲ್ಲಿ ತಾನೇ ಕೂರಲು ಫೋರ್ಡ್‌ಗೆ ಮನಸ್ಸಿರಲಿಲ್ಲ. ‘999’ ಎಂಬ ಹೊಸ ರೇಸ್ ಕಾರನ್ನು ಕಟ್ಟಿದ. ಅದೊಂದು ಬರೀ ಅಸ್ಥಿಪಂಜರ. ಮೇಲೆ ಹೊದಿಕೆಯಿಲ್ಲ, ಎಂಜಿನ್ನಿನಿಂದ ಎಣ್ಣೆ ಮುಖಕ್ಕೇ ಸಿಡಿಯುತ್ತಿತ್ತು. ಚಕ್ರದ ಬದಲು ಉದ್ದನೆಯ ಹಿಡಿಯಿಂದ ಅದನ್ನು ತಿರುಗಿಸಬೇಕು. ಅದನ್ನು ಓಡಿಸಲು ಒಪ್ಪಿದವನು ಬಾರ್ನೆ ಓಲ್ಡ್‌ಫೀಲ್ಡ್, ಓಹಾಯೊದ ಸೈಕಲ್ ರೇಸುಗಾರ. ಕಾರು ಓಡಿಸಲು ಕಲಿತು ಆಗಿನ್ನೂ ಕೆಲವೇ ದಿನಗಳಾಗಿದ್ದವು. 1902ರ ಅಕ್ಟೋಬರ್ 25ರಂದು ಅದೇ ಗ್ರಾಸ್ ಪಾಯಿಂಟ್‌ನಲ್ಲಿ ವಿಂಟನ್‌ನನ್ನು ಸೋಲಿಸಿ ಒಂದೇ ದಿನದಲ್ಲಿ ಮನೆಮಾತಾದ. ಮರುವರ್ಷ ಸುತ್ತು ಹಾದಿಯಲ್ಲಿ ಒಂದು ಮೈಲಿಯನ್ನು ಒಂದು ನಿಮಿಷದೊಳಗೆ ಕ್ರಮಿಸಿದ ಮೊದಲಿಗನೆನಿಸಿದ. ಅದುರುವ ಕಾರಿನಲ್ಲಿ ಹಲ್ಲುಗಳು ಬಡಿದುಕೊಳ್ಳದಿರಲೆಂದು ಕಚ್ಚಿ ಹಿಡಿಯುತ್ತಿದ್ದ ಚುಟ್ಟವೇ ಅವನ ಗುರುತಾಯಿತು. ಅಕ್ಟೋಬರ್ 25 ಎಂಬ ತಾರೀಕನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದು ಮತ್ತೊಮ್ಮೆ ಬರುತ್ತದೆ.

ಸಾಹುಕಾರನ ಕಪ್, ರೈತನ ರಸ್ತೆ

ಮೈದಾನದಲ್ಲಿದ್ದ ರೇಸನ್ನು ರಸ್ತೆಗೆ ತಂದು ದೊಡ್ಡ ಜಾತ್ರೆಯನ್ನಾಗಿ ಮಾಡಿದವನು ವಿಲಿಯಂ ಕೆ. ವ್ಯಾಂಡರ್‌ಬಿಲ್ಟ್. ಹಡಗು ಮತ್ತು ರೈಲ್ವೆಯಿಂದ ಅಪಾರ ಸಂಪತ್ತು ಗಳಿಸಿದ ಮನೆತನದ ಕುಡಿ. ಆಗಿನ್ನೂ 25ರ ಹರೆಯ. ಯುರೋಪಿನ ರೇಸುಗಳನ್ನು ಕಂಡು ಬಂದಿದ್ದ ಆತ 1904ರಲ್ಲಿ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ತನ್ನ ಹೆಸರಿನ ಕಪ್ ಸ್ಥಾಪಿಸಿದ.

ಓಡಿದ್ದು ಊರವರು ದಿನವೂ ಬಳಸುವ ರಸ್ತೆಗಳಲ್ಲಿ. ಧೂಳು ಅಡಗಿಸಲು ರಸ್ತೆಗೆ ಕಚ್ಚಾ ಎಣ್ಣೆ ಸುರಿಯಲಾಯಿತು. ಆ ದಿನ ಯಾರೂ ದಾರಿಗೆ ಬರಬಾರದು, ನಾಯಿಗಳನ್ನು ಕಟ್ಟಿಹಾಕಿ, ಕೋಳಿಗಳನ್ನು ಕೂಡಿಹಾಕಿ ಎಂದು ಭಿತ್ತಿಪತ್ರಗಳು ಬಂದವು. ತರಕಾರಿ ಬೆಳೆದು ಪೇಟೆಗೆ ಸಾಗಿಸುತ್ತಿದ್ದ ರೈತರು ಕೆರಳಿದರು. ನಮ್ಮ ತೆರಿಗೆಯ ರಸ್ತೆಯನ್ನು ಸಾಹುಕಾರರ ಆಟಕ್ಕೆ ಬಿಟ್ಟುಕೊಟ್ಟದ್ದು ಯಾವ ನ್ಯಾಯ ಎಂದು ಕೋರ್ಟಿನ ಮೆಟ್ಟಿಲು ಹತ್ತಿದರು. ಗೆಲ್ಲಲಿಲ್ಲ. ಅಕ್ಟೋಬರ್ 8ರ ಮುಂಜಾನೆ ಆರು ಗಂಟೆಗೆ ರೇಸ್ ಶುರುವಾಯಿತು. ಹತ್ತಾರು ಸಾವಿರ ಜನ ರಾತ್ರಿಯಿಂದಲೇ ಬಂದು ರಸ್ತೆಯ ಅಂಚಿನಲ್ಲಿ, ಬೇಲಿಯಿಲ್ಲದೆ, ನಿಂತಿದ್ದರು.

ಆ ದಿನ ಗೆದ್ದವನು ಪ್ಯಾರಿಸಿನಲ್ಲಿ ನೆಲೆಸಿದ್ದ ಅಮೆರಿಕನ್ ಜಾರ್ಜ್ ಹೀತ್. ಅವನ ಕಾರು ಫ್ರೆಂಚ್ ‘ಪ್ಯಾನಾರ್’. ಸತ್ತವನು ಕಾರ್ಲ್ ಮೆನ್ಸೆಲ್. ಜಾರ್ಜ್ ಅರೆಂಟ್ಸ್ ಎಂಬ ಶ್ರೀಮಂತ ಯುವಕನ ಮರ್ಸಿಡಿಸ್ ಕಾರಿನ ಟಯರು ಕಳಚಿ ಅದು ಉರುಳಿದಾಗ ಅರೆಂಟ್ಸ್ ಗಾಯಗೊಂಡು ಬದುಕಿದ. ಪಕ್ಕದಲ್ಲಿ ಕುಳಿತಿದ್ದ ಮೆಕ್ಯಾನಿಕ್ ಮೆನ್ಸೆಲ್ ಕಾರಿನಡಿ ಸಿಕ್ಕಿ ಜೀವ ಬಿಟ್ಟ.

ಈ ಮೆಕ್ಯಾನಿಕ್‌ನ ಕೆಲಸವೇನೆಂದು ಹೇಳಬೇಕು. ನಮ್ಮ ಲಾರಿಗಳಲ್ಲಿ ಕ್ಲೀನರ್ ಇರುತ್ತಾನಲ್ಲ, ಅದೇ ಬಗೆಯ ಬದುಕು. ಎಣ್ಣೆಯ ಒತ್ತಡ ಇಳಿದರೆ ಕೈಯಿಂದ ಪಂಪು ಹೊಡೆಯುವುದು, ಟಯರು ಸವೆದದ್ದನ್ನು ನೋಡಿ ಹೇಳುವುದು, ಹಿಂದೆ ತಿರುಗಿ ಬರುವವರನ್ನು ಗಮನಿಸಿ ಚಾಲಕನ ಭುಜ ತಟ್ಟುವುದು, ಕೆಟ್ಟರೆ ಇಳಿದು ರಿಪೇರಿ ಮಾಡುವುದು. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸದು, ಎಲ್ಲವೂ ಸನ್ನೆಯಲ್ಲೇ. ಚಾಲಕನಿಗೆ ಹಿಡಿದುಕೊಳ್ಳಲು ಸ್ಟೀರಿಂಗ್ ಆದರೂ ಇತ್ತು. ಇವನಿಗೆ ಸೀಟಿನ ಒಂದು ಹಿಡಿ ಬಿಟ್ಟರೆ ಏನೂ ಇರಲಿಲ್ಲ. ಸೀಟು ಬೆಲ್ಟು ಯಾರಿಗೂ ಇರಲಿಲ್ಲ. ಕಾರು ಮಗುಚಿದರೆ ಇಬ್ಬರೂ ಹೊರಕ್ಕೆ ಚಿಮ್ಮುತ್ತಿದ್ದರು. ಕಪ್ ಮತ್ತು ಬಹುಮಾನ ಮಾತ್ರ ಒಬ್ಬನ ಹೆಸರಿಗೆ.

1906ರಲ್ಲಿ ಇದೇ ರೇಸಿನಲ್ಲಿ ಒಬ್ಬ ಪ್ರೇಕ್ಷಕ ಸತ್ತ. ಮರುವರ್ಷ ರೇಸ್ ನಡೆಯಲಿಲ್ಲ. 1908ರಲ್ಲಿ ಜಾರ್ಜ್ ರಾಬರ್ಟ್‌ಸನ್ ‘ಲೋಕೊಮೊಬೈಲ್’ ಓಡಿಸಿ ಗೆದ್ದಾಗ, ಅಮೆರಿಕದ ಕಾರೊಂದು ಕೊನೆಗೂ ಯುರೋಪನ್ನು ಸೋಲಿಸಿತೆಂದು ದೇಶವೇ ಕುಣಿಯಿತು. 1910ರಲ್ಲಿ ಮತ್ತೆ ಇಬ್ಬರು ಮೆಕ್ಯಾನಿಕ್‌ಗಳು ಸತ್ತರು. ಅವರಲ್ಲೊಬ್ಬ ಲೂಯಿ ಷೆವ್ರೊಲೆಯ ಕಾರಿನಲ್ಲಿದ್ದವನು. ಮರುವರ್ಷವೇ ಷೆವ್ರೊಲೆಯ ಹೆಸರು ಒಂದು ಕಂಪೆನಿಯ ಹೆಸರಾಯಿತು, ಇಂದಿಗೂ ಲಕ್ಷಾಂತರ ಕಾರುಗಳ ಮೇಲಿದೆ. ಪಕ್ಕದವನ ಹೆಸರನ್ನು ಹಳೆಯ ಪತ್ರಿಕೆಗಳಲ್ಲಿ ಹುಡುಕಬೇಕು.

32 ಲಕ್ಷ ಇಟ್ಟಿಗೆಗಳು

ರಸ್ತೆಯ ರೇಸಿಗೆ ವಿರೋಧ ಹೆಚ್ಚಿದಂತೆ, ರೇಸಿಗಾಗಿಯೇ ಹಾದಿ ಕಟ್ಟುವ ಯೋಚನೆ ಬಲಗೊಂಡಿತು. ಇಂಡಿಯಾನಾಪೊಲಿಸ್‌ನ ವ್ಯಾಪಾರಿ ಕಾರ್ಲ್ ಫಿಷರ್ ಮೂವರು ಪಾಲುದಾರರೊಡನೆ ಸೇರಿ ಊರ ಹೊರಗೆ ಎರಡೂವರೆ ಮೈಲಿ ಸುತ್ತಳತೆಯ ‘ಸ್ಪೀಡ್‌ವೇ’ ಕಟ್ಟಿದ. ಜಲ್ಲಿ ಹಾಸಿ, ಟಾರು ಸುರಿದು, ರೋಲರ್ ಓಡಿಸಿದ್ದಷ್ಟೇ. ನೆಲ ಗಟ್ಟಿಯಾಗುವ ಮುನ್ನವೇ 1909ರ ಆಗಸ್ಟಿನಲ್ಲಿ ಕಾರು ರೇಸ್ ಶುರುಮಾಡಿದರು.

ಆಗಸ್ಟ್ 19, ಮೊದಲ ದಿನ. ಹಾದಿ ಕಿತ್ತುಹೋಗಿ ಗುಂಡಿಗಳು ಬಿದ್ದವು. ಜಲ್ಲಿ ಕಲ್ಲುಗಳು ಗುಂಡಿನಂತೆ ಮುಖಕ್ಕೆ ಸಿಡಿಯುತ್ತಿದ್ದವು. ‘ನಾಕ್ಸ್’ ಕಾರಿನ ಚಾಲಕ ವಿಲಿಯಂ ಬೋರ್ಕ್ ಮತ್ತು ಅವನ ಮೆಕ್ಯಾನಿಕ್ ಹ್ಯಾರಿ ಹೋಲ್ಕಂ ಇಬ್ಬರೂ ಸತ್ತರು. ರೇಸ್ ನಿಲ್ಲಲಿಲ್ಲ. 21ನೇ ತಾರೀಕು 300 ಮೈಲಿಯ ದೊಡ್ಡ ಸ್ಪರ್ಧೆ. ಚಾರ್ಲಿ ಮರ್ಜ್ ಎಂಬವನ ಕಾರಿನ ಟಯರು ಒಡೆದು, ಕಾರು ಬೇಲಿ ಮುರಿದು ಜನರೊಳಗೆ ನುಗ್ಗಿತು. ಇಬ್ಬರು ಪ್ರೇಕ್ಷಕರು ಸತ್ತರು. ಮೆಕ್ಯಾನಿಕ್ ಕ್ಲಾಡ್ ಕೆಲಮ್ ಕೂಡ ಸತ್ತ. ಅವನು ಆ ಕಾರಿನವನೇ ಅಲ್ಲ. ಮೊದಲಿನ ಮೆಕ್ಯಾನಿಕ್ ಬಳಲಿ ಕುಸಿದಾಗ ಬದಲಿಯಾಗಿ ಹತ್ತಿದ್ದ. ಮರ್ಜ್ ಬದುಕಿ ಉಳಿದ.

ಮೂರು ದಿನಗಳ ರೇಸಿನಲ್ಲಿ ಐದು ಹೆಣ. ಆಮೇಲಷ್ಟೇ ಮಾಲೀಕರಿಗೆ ನೆಲದ ಯೋಚನೆ ಬಂತು. ಆ ಶರತ್ಕಾಲದಲ್ಲಿ ಸುಮಾರು ಎರಡು ತಿಂಗಳಲ್ಲಿ 32 ಲಕ್ಷ ಇಟ್ಟಿಗೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಲಾಯಿತು. ‘ಇಟ್ಟಿಗೆಯಂಗಳ’ ಎಂಬ ಅರ್ಥದ ಅಡ್ಡಹೆಸರು ಆ ಜಾಗಕ್ಕೆ ಅಂಟಿಕೊಂಡಿತು. ಹ್ಯಾರೌನ್ 1911ರಲ್ಲಿ ಗೆದ್ದದ್ದು ಈ ಇಟ್ಟಿಗೆಗಳ ಮೇಲೆಯೇ.

ಆ ರೇಸಿನಲ್ಲೂ ಒಬ್ಬ ಮೆಕ್ಯಾನಿಕ್ ಸತ್ತ. ಹೆಸರು ಸ್ಯಾಮ್ ಡಿಕ್ಸನ್. ಇನ್ನೊಬ್ಬ ಮೆಕ್ಯಾನಿಕ್ ಆಂಡರ್ಸನ್ ಹಿಡಿತ ತಪ್ಪಿದ ಕಾರಿನಿಂದ ಹಾದಿಗೆ ಬಿದ್ದಾಗ, ಹಿಂದಿನಿಂದ ವೇಗವಾಗಿ ಬರುತ್ತಿದ್ದವನು ಹ್ಯಾರಿ ನೈಟ್ ಎಂಬ ಚಾಲಕ. ಅವನೆದುರು ಎರಡೇ ದಾರಿ. ನೇರ ಹೋದರೆ ಬಿದ್ದವನ ಮೇಲೆ ಹರಿಯುತ್ತಾನೆ. ತಿರುಗಿಸಿದರೆ ತನ್ನ ಕಾರು ನುಚ್ಚುನೂರಾಗುತ್ತದೆ. ನೈಟ್ ತಿರುಗಿಸಿದ. ಕಾರು ದುರಸ್ತಿಗೆ ನಿಂತಿದ್ದ ಕಾರಿಗೆ ಅಪ್ಪಳಿಸಿ ಅವನ ರೇಸ್ ಅಲ್ಲಿಗೇ ಮುಗಿಯಿತು. ಆಂಡರ್ಸನ್ ಬದುಕಿದ. ಎರಡು ವರ್ಷಗಳ ನಂತರ ನೈಟ್ ಕೊಲಂಬಸ್‌ನ ರೇಸೊಂದರಲ್ಲಿ ಸತ್ತ. 1911ರ ಆ ದಿನದಿಂದ ಕನ್ನಡಿಯ ಕಥೆಯೊಂದೇ ಲೋಕಪ್ರಸಿದ್ಧವಾಯಿತು. ನನಗೆ ಕೇಳಿದರೆ ನೈಟ್‌ನ ಸ್ಟೀರಿಂಗಿನ ಕಥೆಯನ್ನು ಮಕ್ಕಳಿಗೆ ಮೊದಲು ಹೇಳಬೇಕು.

ಗೆಲ್ಲುವವರೆಗೆ ಮಾತ್ರ ಚಪ್ಪಾಳೆ

ಪಕ್ಕದ ಸೀಟಿನವರಿಗೆ ಸಾಯುವ ಅವಕಾಶವಾದರೂ ಇತ್ತು. ಆ ಸೀಟನ್ನೂ ಕೊಡದೆ ಹೊರಗಿಟ್ಟವರ ಕಥೆ ಇನ್ನೊಂದಿದೆ.

ಜೋನ್ ನ್ಯೂಟನ್ ಕ್ಯೂನಿಯೊ ಶ್ರೀಮಂತ ಬ್ಯಾಂಕರ್ ಒಬ್ಬನ ಹೆಂಡತಿ. 1905ರಿಂದಲೇ ದೂರ ಪ್ರಯಾಣದ ‘ಗ್ಲಿಡನ್ ಟೂರ್’ಗಳಲ್ಲಿ ಗಂಡಸರ ಸಮಕ್ಕೆ ಕಾರು ಓಡಿಸಿದ್ದಳು. ಮಹಿಳೆಯೊಬ್ಬಳು ಕಾರು ಓಡಿಸುವುದು ಪತ್ರಿಕೆಗಳಿಗೆ ಚಂದದ ಸುದ್ದಿಯಾಗಿದ್ದಷ್ಟು ಕಾಲ ಎಲ್ಲರೂ ಚಪ್ಪಾಳೆ ತಟ್ಟಿದರು. 1909ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ರೇಸುಗಳಲ್ಲಿ ಆಕೆ ಬಾಬ್ ಬರ್ಮನ್‌ನಂಥ ನುರಿತವನನ್ನು ಹಿಂದಿಕ್ಕಿ, ಹೆಸರಾಂತ ರಾಲ್ಫ್ ಡಿಪಾಲ್ಮಾನ ಹಿಂದೆಯೇ ಎರಡನೆಯವಳಾಗಿ ಬಂದಳು. ಚಪ್ಪಾಳೆ ನಿಂತಿತು. ಅದೇ ವರ್ಷ, ರೇಸುಗಳನ್ನು ನಿಯಂತ್ರಿಸುತ್ತಿದ್ದ ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ ತನ್ನ ಸ್ಪರ್ಧೆಗಳಲ್ಲಿ ಹೆಂಗಸರಿಗೆ ಪ್ರವೇಶವಿಲ್ಲವೆಂದು ನಿಯಮ ಮಾಡಿತು. ಹೆಂಗಸರ ಸುರಕ್ಷತೆ ಎಂಬ ಕಾರಣ ಕೊಟ್ಟರು. ಅಬಲೆಯರು ಸಾಯಬಾರದೆಂಬ ಕಾಳಜಿ! ಆ ವರ್ಷದ ಆಗಸ್ಟಿನಲ್ಲಿ ಜಲ್ಲಿಯ ಮೇಲೆ ಸತ್ತ ಬಡ ಮೆಕ್ಯಾನಿಕ್‌ಗಳ ಬಗ್ಗೆ ಈ ಕಾಳಜಿ ಹುಟ್ಟಲಿಲ್ಲ.

ಇನ್ನೊಂದು ಸಂಗತಿ. ಹ್ಯಾರೌನ್‌ಗೆ ಎರಡು ವರ್ಷ ಮೊದಲೇ, ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬ ಚಾಲಕಿ ಕಾರು ಓಡಿಸುವ ಹೆಂಗಸರಿಗಾಗಿ ಬರೆದ ಪುಸ್ತಕದಲ್ಲಿ, ಹಿಂದಿನದನ್ನು ನೋಡಲು ಒಂದು ಕೈಗನ್ನಡಿ ಇಟ್ಟುಕೊಳ್ಳಿ ಎಂದು ಸಲಹೆ ಕೊಟ್ಟಿದ್ದಳು. ಕನ್ನಡಿಯ ಕಥೆಯಲ್ಲಿ ಆಕೆಯ ಹೆಸರು ಅಪರೂಪಕ್ಕೆ ಬರುತ್ತದೆ.

ಅಕ್ಟೋಬರ್ 25, ಮತ್ತೊಮ್ಮೆ

ಮುಹಮ್ಮದ್ ಅಲಿ ನಮ್ಮ ಓದುಗರಿಗೆ ಪರಿಚಿತ. ಅಲಿಗಿಂತ ಅರ್ಧ ಶತಮಾನ ಮೊದಲು ಜಗತ್ತಿನ ಹೆವಿವೇಯ್ಟ್ ಬಾಕ್ಸಿಂಗ್ ಚಾಂಪಿಯನ್ ಆದ ಮೊದಲ ಕಪ್ಪು ವರ್ಣೀಯ ಜಾಕ್ ಜಾನ್ಸನ್. ತನ್ನ ಬದುಕನ್ನು ಜಾನ್ಸನ್‌ನ ಬದುಕಿನಲ್ಲಿ ಕಂಡುಕೊಂಡವನು ಅಲಿ. ಜಾನ್ಸನ್‌ನ ತಂದೆ ತಾಯಿ ಗುಲಾಮರಾಗಿದ್ದವರು. 1910ರ ಜುಲೈ 4ರಂದು, ‘ಬಿಳಿಯರ ಮಾನ’ ಉಳಿಸಲೆಂದು ನಿವೃತ್ತಿಯಿಂದ ಎಬ್ಬಿಸಿ ತಂದಿದ್ದ ಜಿಮ್ ಜೆಫ್ರೀಸ್‌ನನ್ನು ಜಾನ್ಸನ್ ಸೋಲಿಸಿದಾಗ, ಅಮೆರಿಕದ ಹಲವು ನಗರಗಳಲ್ಲಿ ಗಲಭೆಗಳಾದವು. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನ.

ಜಾನ್ಸನ್‌ಗೆ ಕಾರುಗಳೆಂದರೆ ಪ್ರಾಣ. ವೇಗವಾಗಿ ಓಡಿಸಿ ಪೊಲೀಸರಿಗೆ ಮತ್ತೆ ಮತ್ತೆ ದಂಡ ಕಟ್ಟಿದವನು. ರೇಸುಗಾರನೂ ಆಗಬೇಕೆಂದು ಹೊರಟು ಅಸೋಸಿಯೇಷನ್‌ನಿಂದ ಲೈಸೆನ್ಸ್ ಪಡೆದ. ಪಡೆದವನು ಯಾರೆಂದು ಗೊತ್ತಾದೊಡನೆ ಅವರು ಅದನ್ನು ರದ್ದು ಮಾಡಿದರು. ಆದರೆ ಬಾರ್ನೆ ಓಲ್ಡ್‌ಫೀಲ್ಡ್ ಪಂದ್ಯಕ್ಕೆ ಒಪ್ಪಿದ. ನ್ಯಾಯದ ಮಾತಿನಿಂದಲ್ಲ. ಟಿಕೆಟ್ಟು ಮತ್ತು ಸಿನಿಮಾ ರೀಲುಗಳ ಹಣ ಒಂದು ಕಡೆ, ಬಾಕ್ಸಿಂಗಿನಲ್ಲಿ ಕಳೆದುಕೊಂಡದ್ದನ್ನು ಬಿಳಿಯರಿಗಾಗಿ ಇಲ್ಲಿ ಗೆದ್ದುಕೊಡುತ್ತೇನೆಂಬ ಹಮ್ಮು ಇನ್ನೊಂದು ಕಡೆ.

ಪಂದ್ಯ ನಡೆದದ್ದು ಬ್ರೂಕ್ಲಿನ್‌ನ ಷೀಪ್ಸ್‌ಹೆಡ್ ಬೇ ಎಂಬ ಕುದುರೆ ಜೂಜಿನ ಮೈದಾನದಲ್ಲಿ. ದಿನ 1910ರ ಅಕ್ಟೋಬರ್ 25. ಓಲ್ಡ್‌ಫೀಲ್ಡ್‌ಗೆ ಹೆಸರು ತಂದುಕೊಟ್ಟ ಆ ರೇಸಿಗೆ ಸರಿಯಾಗಿ ಎಂಟು ವರ್ಷ. ಅನುಭವಿ ರೇಸುಗಾರನೆದುರು ಜಾನ್ಸನ್ ನಿಲ್ಲಲಾರದೆ ಹೋದ. ಐದು ಮೈಲಿಯ ಎರಡೂ ಓಟಗಳನ್ನು ಓಲ್ಡ್‌ಫೀಲ್ಡ್ ಸುಲಭವಾಗಿ ಗೆದ್ದ.

ಗೆದ್ದರೂ ಅಸೋಸಿಯೇಷನ್ ಅವನನ್ನು ಅಮಾನತು ಮಾಡಿತು. ಅಪ್ಪಣೆಯಿಲ್ಲದ ರೇಸಿನಲ್ಲಿ ಓಡಿದ್ದು ಅಪರಾಧವಂತೆ. ಹಕೀಕತ್ತು ಎಲ್ಲರಿಗೂ ಗೊತ್ತಿತ್ತು. ಕಪ್ಪು ಮನುಷ್ಯನೊಬ್ಬ ಸೋತರೂ ಸರಿ, ಗೆದ್ದರೂ ಸರಿ, ಬಿಳಿಯನ ಜೊತೆ ಒಂದೇ ಗೆರೆಯ ಮೇಲೆ ನಿಲ್ಲುವುದೇ ಅವರಿಗೆ ಸಹನೆಯಾಗದ ವಿಷಯ. ಓಲ್ಡ್‌ಫೀಲ್ಡ್ ಒಂದೆರಡು ವರ್ಷಗಳಲ್ಲಿ ರೇಸಿಗೆ ಮರಳಿದ. ಜಾನ್ಸನ್‌ಗೆ ಆ ಬಾಗಿಲು ಮತ್ತೆ ತೆರೆಯಲಿಲ್ಲ. 1913ರಲ್ಲಿ ವರ್ಣದ್ವೇಷದ ಮೊಕದ್ದಮೆಯೊಂದರಲ್ಲಿ ಅವನಿಗೆ ಶಿಕ್ಷೆಯಾಯಿತು. ಅಮೆರಿಕದ ಅಧ್ಯಕ್ಷರು ಅವನಿಗೆ ಕ್ಷಮಾದಾನ ಕೊಟ್ಟದ್ದು 2018ರಲ್ಲಿ. 1946ರಲ್ಲೇ ಅವನು ಉತ್ತರ ಕೆರೊಲಿನಾದ ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದ.

ಗುಜರಿಯಿಂದ ಕಟ್ಟಿದ ಕಾರು

ಬಾಗಿಲು ಮುಚ್ಚಿದರೆ ಏನು ಮಾಡುವುದು? ಇಂಡಿಯಾನಾಪೊಲಿಸ್‌ನ ಕಪ್ಪು ಜನ ತಮ್ಮದೇ ರೇಸ್ ಹುಟ್ಟುಹಾಕಿದರು. ವಿಲಿಯಂ ರಕರ್ ಎಂಬ ಕಪ್ಪು ವರ್ಣೀಯ ಉದ್ಯಮಿಯ ಮುಂದಾಳತ್ವದಲ್ಲಿ 1924ರ ಆಗಸ್ಟ್ 2ರಂದು ರಾಜ್ಯದ ಜಾತ್ರೆ ಮೈದಾನದಲ್ಲಿ 100 ಮೈಲಿಯ ‘ಗೋಲ್ಡ್ ಅಂಡ್ ಗ್ಲೋರಿ’ ಸ್ಪರ್ಧೆ ನಡೆಯಿತು. ಸಾವಿರಾರು ಜನ ಸೇರಿದರು. ಮೊದಲ ವರ್ಷ ಗೆದ್ದವನು ಮಾಲ್ಕಮ್ ಹ್ಯಾನನ್. ಆ ಕಾಲದ ಇಂಡಿಯಾನಾ ಎಂಥದೆಂದರೆ, ಕಪ್ಪು ಜನರನ್ನು, ಯಹೂದಿ ಮತ್ತು ಕೆಥೋಲಿಕರನ್ನು ದ್ವೇಷಿಸುವ ‘ಕು ಕ್ಲಕ್ಸ್ ಕ್ಲಾನ್’ ಸಂಘಟನೆಗೆ ಅಲ್ಲಿ ಲಕ್ಷಾಂತರ ಸದಸ್ಯರು. ಅದೇ 1924ರಲ್ಲಿ ಅದರ ಬೆಂಬಲದಿಂದ ಗೆದ್ದವನೇ ರಾಜ್ಯದ ಗವರ್ನರ್. ಅಂಥ ಊರಿನಲ್ಲಿ ಈ ರೇಸ್ ನಡೆಸುವುದು ಬರೀ ಆಟವಾಗಿರಲಿಲ್ಲ.

ಈ ಸ್ಪರ್ಧೆಯ ದೊಡ್ಡ ಹೆಸರು ಚಾರ್ಲಿ ವಿಗ್ಗಿನ್ಸ್. ಇವಾನ್ಸ್‌ವಿಲ್ ಎಂಬ ಊರಿನಲ್ಲಿ ಬೂಟ್ ಪಾಲಿಶ್ ಮಾಡುತ್ತಿದ್ದ ಹುಡುಗ. ಹತ್ತಿರದ ಗ್ಯಾರೇಜಿನ ಕೆಲಸವನ್ನು ನೋಡಿ ನೋಡಿಯೇ ಕಲಿತ. ಎಂಜಿನ್ನಿನ ಸದ್ದಿನಿಂದಲೇ ಅದರ ಕಾಯಿಲೆ ಹೇಳಬಲ್ಲ ಉಸ್ತಾದನಾಗಿ ಬೆಳೆದ. ಇಂಡಿಯಾನಾಪೊಲಿಸ್‌ಗೆ ಬಂದು, ಗುಜರಿ ಸಾಮಾನುಗಳಿಂದ ತನ್ನದೇ ರೇಸ್ ಕಾರು ಕಟ್ಟಿ ‘ವಿಗ್ಗಿನ್ಸ್ ಸ್ಪೆಷಲ್’ ಎಂದು ಹೆಸರಿಟ್ಟ. ನಾಲ್ಕು ಸಲ ಚಾಂಪಿಯನ್ ಆದ. ಆದರೂ ಊರಿನ ಇನ್ನೊಂದು ಪಕ್ಕದಲ್ಲಿದ್ದ ಇಟ್ಟಿಗೆಯ ಹಾದಿಗೆ ಅವನನ್ನು ಬಿಡಲಿಲ್ಲ.

1934ರಲ್ಲಿ ಇಂಡಿಯಾನಾಪೊಲಿಸ್ 500 ಗೆದ್ದ ಬಿಳಿಯ ಚಾಲಕ ಬಿಲ್ ಕಮ್ಮಿಂಗ್ಸ್‌ನ ಕಾರನ್ನು ಸಜ್ಜುಗೊಳಿಸಿದ ಕೈಗಳಲ್ಲಿ ವಿಗ್ಗಿನ್ಸ್‌ನದೂ ಇತ್ತೆಂದು ಅವನ ಬದುಕಿನ ಕಥೆ ಹೇಳುವವರು ಹೇಳುತ್ತಾರೆ. ಗ್ಯಾರೇಜಿಗೆ ಕಪ್ಪು ಮೆಕ್ಯಾನಿಕ್ ಬರುವಂತಿರಲಿಲ್ಲ. ಕಸ ಗುಡಿಸುವವನಾಗಿ ಬರಬಹುದಿತ್ತು! ಹಗಲಿಗೆ ಪೊರಕೆ ಹಿಡಿದು ಒಳಗೆ ಹೋಗುತ್ತಿದ್ದ, ಯಾರೂ ಇಲ್ಲದಾಗ ಎಂಜಿನ್ ಬಿಚ್ಚುತ್ತಿದ್ದ. 1936ರ ‘ಗೋಲ್ಡ್ ಅಂಡ್ ಗ್ಲೋರಿ’ಯಲ್ಲಿ ಹದಿಮೂರು ಕಾರುಗಳು ಒಂದಕ್ಕೊಂದು ಢಿಕ್ಕಿ ಹೊಡೆದಾಗ ವಿಗ್ಗಿನ್ಸ್ ಕಾಲು ಕಳೆದುಕೊಂಡ. ಆ ಸ್ಪರ್ಧೆಯೂ ಅಲ್ಲಿಗೇ ನಿಂತಿತು. ಆಮೇಲೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬದುಕಿ, ರಿಪೇರಿ ಮಾಡುತ್ತ, ಎಳೆಯರಿಗೆ ಕೆಲಸ ಕಲಿಸುತ್ತ 1979ರಲ್ಲಿ ತೀರಿಕೊಂಡ.

ಒಂದು ಗಜದ ಇಟ್ಟಿಗೆ

ಮೆಕ್ಯಾನಿಕ್‌ನ ಸೀಟು ಇಂಡಿಯಾನಾಪೊಲಿಸ್‌ನಲ್ಲಿ 1912ರಿಂದ ಕಡ್ಡಾಯವಾಗಿತ್ತು. ಹ್ಯಾರೌನ್ ಒಬ್ಬನೇ ಕುಳಿತು ಗೆದ್ದದ್ದರ ಮರುವರ್ಷದಿಂದ ಎಂಬುದನ್ನು ಗಮನಿಸಬೇಕು. 1923ರಲ್ಲಿ ಆ ನಿಯಮ ಹೋಯಿತು, 1930ರಲ್ಲಿ ಮತ್ತೆ ಬಂತು, 1937ರ ನಂತರ ಶಾಶ್ವತವಾಗಿ ಹೋಯಿತು. 1955ರಲ್ಲಿ ಆ ಅಸೋಸಿಯೇಷನ್ ರೇಸಿನಿಂದಲೇ ಹಿಂದೆ ಸರಿಯಿತು. ಹೆಂಗಸರಿಗೆ ಇಂಡಿಯಾನಾಪೊಲಿಸ್‌ನ ದುರಸ್ತಿ ಜಾಗಕ್ಕೆ ಕಾಲಿಡಲು ಬಿಟ್ಟದ್ದು 1971ರಲ್ಲಿ. 500 ಮೈಲಿಯ ರೇಸಿನಲ್ಲಿ ಓಡಿದ ಮೊದಲ ಮಹಿಳೆ ಜಾನೆಟ್ ಗತ್ರಿ, 1977ರಲ್ಲಿ. ಕ್ಯೂನಿಯೊಳ ಮುಖಕ್ಕೆ ಬಾಗಿಲು ಹಾಕಿ 68 ವರ್ಷಗಳಾಗಿದ್ದವು. ಮೊದಲ ಕಪ್ಪು ವರ್ಣೀಯ ಚಾಲಕ ವಿಲ್ಲಿ ಟಿ. ರಿಬ್ಸ್, 1991ರಲ್ಲಿ. ಜಾನ್ಸನ್ ಷೀಪ್ಸ್‌ಹೆಡ್ ಬೇಯಲ್ಲಿ ಓಡಿ 81 ವರ್ಷ, ವಿಗ್ಗಿನ್ಸ್ ಸತ್ತು 12 ವರ್ಷ. ರಿಬ್ಸ್‌ನ ಎಂಜಿನ್ ಕೆಲವೇ ಸುತ್ತುಗಳಲ್ಲಿ ಕೆಟ್ಟುಹೋಯಿತು. ಆದರೂ ಅವನು ಆ ಗೆರೆಯ ಮೇಲೆ ನಿಂತದ್ದಾಗಿತ್ತು.

ಎಂಜಿನ್ನಿಗೆ ಬಣ್ಣ ಗೊತ್ತಿಲ್ಲ. ಸ್ಟೀರಿಂಗ್ ಹಿಡಿದದ್ದು ಗಂಡೋ ಹೆಣ್ಣೋ ಎಂಬುದೂ ಗೊತ್ತಿಲ್ಲ. ಕಾರು ಹೊಸದಾಗಿ ಬಂದಾಗ ಹಳೆಯ ಲೆಕ್ಕಗಳನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡುವ ಅವಕಾಶ ಅಮೆರಿಕಕ್ಕೆ ಇತ್ತು. ಬದಲಾಗಿ ಹಳೆಯ ಬೇಲಿಗಳನ್ನೇ ಹೊಸ ಹಾದಿಯ ಸುತ್ತ ನೆಟ್ಟರು. ಬೇಲಿ ನೆಡುವುದು ಯಂತ್ರವಲ್ಲ, ಮನುಷ್ಯ ಎಂಬುದನ್ನು ಹೊಸ ಯಂತ್ರ ಬಂದಾಗಲೆಲ್ಲ ಮರೆಯುತ್ತೇವೆ.

ಇಂಡಿಯಾನಾಪೊಲಿಸ್‌ನ ಹಾದಿಗೆ ಈಗ ಪೂರ್ತಿ ಡಾಂಬರು ಹಾಕಿದ್ದಾರೆ. ಗುರಿಯ ಗೆರೆಯಲ್ಲಿ ಮಾತ್ರ, ನೆನಪಿಗೆಂದು, ಒಂದು ಗಜ ಅಗಲದ ಹಳೆಯ ಇಟ್ಟಿಗೆಗಳನ್ನು ಹಾಗೆಯೇ ಬಿಟ್ಟಿದ್ದಾರೆ. 1996ರಿಂದೀಚೆಗೆ ಅಲ್ಲಿ ಗೆದ್ದವರು ಮಂಡಿಯೂರಿ ಆ ಇಟ್ಟಿಗೆಗಳಿಗೆ ಮುತ್ತಿಡುವ ರೂಢಿ ಬಂದಿದೆ. ಟಿ.ವಿ. ಕ್ಯಾಮೆರಾಗಳು ಸುತ್ತುವರಿಯುತ್ತವೆ. ಆ ಇಟ್ಟಿಗೆಗಳು ಅಲ್ಲಿಗೆ ಬಂದದ್ದು ಬೋರ್ಕ್, ಹೋಲ್ಕಂ, ಕೆಲಮ್ ಮತ್ತು ಇಬ್ಬರು ಪ್ರೇಕ್ಷಕರು ಸತ್ತ ಕಾರಣಕ್ಕೆ ಎಂಬುದನ್ನು ಮುತ್ತಿಡುವವರಿಗೆ ಯಾರಾದರೂ ಹೇಳಿರುತ್ತಾರೋ ಇಲ್ಲವೋ.